ಬಹಳ ದಿನ ಬಿಟ್ಟು ಕೊಳಲು ಹಿಡಿದರೆ ತುಟಿ ಬಿಗಿಯುತ್ತದೆ, ಸಡಿಲಿಸುವುದು ಹೇಗೆ?

ಅಭ್ಯಾಸ ತಪ್ಪಿದಾಗ ಮೊದಲು ಸೋಲುವುದು ತುಟಿಯ ಸುತ್ತಲಿನ ಸ್ನಾಯುಗಳು. ಆ ಕೊರತೆ ತುಂಬಲು ಗೊತ್ತಿಲ್ಲದೆಯೇ ಬಾಯಿಯ ಅಂಚುಗಳನ್ನು ನಗುವವರಂತೆ ಹಿಂದಕ್ಕೆಳೆದು, ಕೊಳಲನ್ನು ಗದ್ದಕ್ಕೆ ಒತ್ತುತ್ತೇವೆ. ನಾದ ತೆಳ್ಳಗಾಗುತ್ತದೆ, ಮಂದ್ರ, ಅಂದರೆ ಕೆಳಗಿನ ಸ್ಥಾಯಿಯ ಸ್ವರಗಳು, ಹಿಡಿಯುವುದೇ ಇಲ್ಲ.

ಮೊದಲು ಕೊಳಲಿಲ್ಲದೆ ತುಟಿ ಸಡಿಲಬಿಟ್ಟು, ಕುದುರೆ ಫುರ್ರ್ ಎನ್ನುವ ಹಾಗೆ ನಾಲ್ಕೈದು ಸಲ ಊದಿ. ಅಂಗೈ ಎದುರು ಹಿಡಿದು ಊದಿದರೆ ಗಾಳಿ ಒಂದು ರೂಪಾಯಿ ನಾಣ್ಯದಷ್ಟು ಜಾಗಕ್ಕೆ ಮಾತ್ರ ತಣ್ಣಗೆ ತಾಕಬೇಕು. ಆಮೇಲೆ ಕೊಳಲು. ಕೆಳತುಟಿ ಊದುರಂಧ್ರದ ಸುಮಾರು ಮೂರನೇ ಒಂದು ಭಾಗ ಮುಚ್ಚಿರಲಿ. ಎರಡೇ ಬೆರಳಿನಿಂದ ರಂಧ್ರ ಮುಚ್ಚಿ ನುಡಿಸುವ ಷಡ್ಜದಿಂದ (ಸ) ಶುರುಮಾಡಿ. ಮುಚ್ಚುವ ರಂಧ್ರ ಕಡಿಮೆಯಿದ್ದರೆ ತಪ್ಪು ತುಟಿಯದೋ ಬೆರಳಿನದೋ ಎಂಬ ಗೊಂದಲವಿಲ್ಲ. ಒಂದೊಂದು ಉಸಿರಿಗೆ ಎಂಟು ಸೆಕೆಂಡ್ ಹಿಡಿದು, ನಿ, ದ, ಪ ಎಂದು ಕೆಳಗಿಳಿಯಿರಿ. ಹತ್ತು ನಿಮಿಷ, ದಿನಕ್ಕೆರಡು ಸಲ ಸಾಕು. ತುಟಿ ನಡುಗಿದರೆ ಅಲ್ಲಿಗೇ ನಿಲ್ಲಿಸಿ. ಮೊದಲ ವಾರ ತಾರಸ್ಥಾಯಿ (ಮೇಲಿನ ಸ್ಥಾಯಿ) ಮುಟ್ಟಲೇಬೇಡಿ, ಬಿಗಿತ ಮರಳುವುದು ಅಲ್ಲಿಂದಲೇ.

ಮೈಸೂರಿನ ಧನುರ್ಮಾಸದ ಬೆಳಗಿನಲ್ಲಿ ಇನ್ನೊಂದು ತೊಡಕಿದೆ: ತಣ್ಣಗಿನ ಕೊಳಲಿನ ಶ್ರುತಿ ಇಳಿದಿರುತ್ತದೆ, ತಂಬೂರಿಗೆ ಸೇರಿಸಲು ಹೋಗಿ ತುಟಿ ಬಿಗಿಯುತ್ತೇವೆ. ಎಲ್ಲ ರಂಧ್ರ ಮುಚ್ಚಿ ಒಂದೆರಡು ನಿಮಿಷ ಬಿಸಿಯುಸಿರು ಒಳಗೆ ಬಿಟ್ಟು ಬೆಚ್ಚಗಾದ ಮೇಲೆ ನುಡಿಸಿ. ಒಡೆದ ತುಟಿಗೆ ತುಪ್ಪ ರಾತ್ರಿಯೇ ಸವರಿ. ಜಿಡ್ಡಿದ್ದರೆ ಕೊಳಲು ಜಾರುತ್ತದೆ.