ಇಸ್ಲಾಮಿಕ್ ಮತ್ತು ಪಾಶ್ಚಾತ್ಯ ರಾಜಕೀಯ ಮೌಲ್ಯಗಳು ಒಂದೇ ಸಂವಿಧಾನದಲ್ಲಿ ಹೊಂದಿಕೊಳ್ಳಬಹುದೇ?

ಹೊಂದಿಕೊಳ್ಳಬಹುದು, ಆದರೆ ಜಗಳವಾಡಿಕೊಂಡೇ. ಟುನೀಷಿಯಾದ 2014ರ ಸಂವಿಧಾನ ನೋಡಿ. ಮೊದಲ ವಿಧಿ ದೇಶದ ಧರ್ಮ ಇಸ್ಲಾಂ ಅನ್ನುತ್ತದೆ. ಎರಡನೆಯದು, ಇದು ಪೌರತ್ವ ಮತ್ತು ಜನರ ಇಚ್ಛೆಯ ಮೇಲೆ ನಿಂತ ನಾಗರಿಕ ರಾಷ್ಟ್ರ ಅನ್ನುತ್ತದೆ. ಆರನೆಯದಂತೂ ಎರಡು ದೋಣಿಯಲ್ಲಿ ಕಾಲಿಟ್ಟಿದೆ: ಸರ್ಕಾರ ಧರ್ಮವನ್ನೂ ಕಾಯಬೇಕು, ಆತ್ಮಸಾಕ್ಷಿಯ ಸ್ವಾತಂತ್ರ್ಯವನ್ನೂ ಕಾಯಬೇಕು. ಮತ್ತೊಬ್ಬರನ್ನು ಧರ್ಮಭ್ರಷ್ಟರೆಂದು ಸಾರುವ 'ತಕ್ಫೀರ್'ಗೂ ಅಲ್ಲೇ ತಡೆ. ಆದರೂ ಅಧ್ಯಕ್ಷರಾಗುವವರು ಮುಸ್ಲಿಮರೇ ಆಗಿರಬೇಕಿತ್ತು.

ನಿಜವಾದ ಗುದ್ದಾಟ ನಡೆದದ್ದು ಒಂದು ಪದಕ್ಕೆ. 2012ರ ಕರಡಿನಲ್ಲಿ ಹೆಣ್ಣು ಗಂಡಿಗೆ 'ಪೂರಕ' ಎಂಬರ್ಥದ ಮಾತಿತ್ತು. ಬಹುಪತ್ನಿತ್ವವನ್ನು 1956ರಲ್ಲೇ ನಿಷೇಧಿಸಿದ್ದ ದೇಶ ಅದು, ಸುಮ್ಮನಿದ್ದೀತೇ? ಆಗಸ್ಟ್‌ನಲ್ಲಿ ಟ್ಯೂನಿಸ್‌ನ ಹೆಂಗಸರು ಬೀದಿಗಿಳಿದರು. ಕೊನೆಗೆ ಆ ಮಾತು ಹೋಗಿ, ಪುರುಷ ಮಹಿಳೆಯರಿಬ್ಬರೂ ಕಾನೂನಿನ ಮುಂದೆ ಸಮಾನರು ಎಂಬುದು ಬಂತು. ಇಡೀ ಸಂವಿಧಾನ ಮತಕ್ಕೆ ಬಂದಾಗ ಪರವಾಗಿ 200 ಮತ, ವಿರುದ್ಧ ಬರೀ 12. ಇಸ್ಲಾಮಿಕ್ ಹಿನ್ನೆಲೆಯ ಎನ್ನಹ್ದಾ ಪಕ್ಷವೂ ಕೈಯೆತ್ತಿತ್ತು.

'ಪಾಶ್ಚಾತ್ಯ' ಎಂಬುದೂ ಒಂದೇ ಅಚ್ಚಿನದಲ್ಲ. ಫ್ರಾನ್ಸ್ 1905ರಲ್ಲೇ ಧರ್ಮವನ್ನೂ ಸರ್ಕಾರವನ್ನೂ ಬೇರ್ಪಡಿಸಿತು. ಇಂಗ್ಲೆಂಡಿನಲ್ಲಿ ರಾಜನೇ ಚರ್ಚಿನ ಮುಖ್ಯಸ್ಥ. ನನ್ನ ಪ್ರಕಾರ 'ಇಸ್ಲಾಂ ವರ್ಸಸ್ ಪಶ್ಚಿಮ' ಅನ್ನೋ ಪ್ರಶ್ನೆಯೇ ತುಸು ಸೋಮಾರಿ ಪ್ರಶ್ನೆ.

ಅಂದಹಾಗೆ, ಆ ಸಂವಿಧಾನ ಈಗಿಲ್ಲ. ಅದನ್ನು ಉರುಳಿಸಿದ್ದು ಮೌಲ್ವಿಗಳಲ್ಲ. ಸಂವಿಧಾನ ಕಾನೂನಿನ ಮೇಷ್ಟ್ರಾಗಿದ್ದ ಅಧ್ಯಕ್ಷ ಕೈಸ್ ಸಯೀದ್, 2022ರಲ್ಲಿ ಅಧಿಕಾರವನ್ನೆಲ್ಲ ತಮ್ಮ ಕಡೆಗೆ ಎಳೆದುಕೊಳ್ಳುವ ಹೊಸದನ್ನು ತಂದರು.