ಪೆನ್ಸಿಲ್ ಮುಟ್ಟಿದರೆ ಹೊಡೆಯುತ್ತಾನೆ

ಪ್ರಶ್ನೆ: ಮಗ 2ನೇ ಕ್ಲಾಸು. ಪಕ್ಕದವನು ಪೆನ್ಸಿಲ್ ತೆಗೆದುಕೊಂಡರೆ ಸಾಕು, ಹೊಡೆದುಬಿಡುತ್ತಾನೆ. ಬೈದೂ ಬೈದೂ ಸಾಕಾಗಿದೆ. ಏನು ಮಾಡಲಿ?

ಉತ್ತರ: ಬೈಯುವುದನ್ನು ಮೊದಲು ನಿಲ್ಲಿಸಿ. ಸಿಟ್ಟು ಬಂತು, ಹೇಳೋಕೆ ಮಾತು ಸಿಗಲಿಲ್ಲ, ಕೈ ಮುಂದಾಯಿತು, ಅಷ್ಟೇ ಅಲ್ವಾ? ಅವನು ಸಮಾಧಾನವಾಗಿರುವಾಗ ನೀವೇ ಪಕ್ಕದ ಹುಡುಗನಾಗಿ ಪೆನ್ಸಿಲ್ ಎತ್ತಿಕೊಳ್ಳಿ, ‘ಅದು ನಂದು, ಕೊಡು, ನಂಗೆ ಸಿಟ್ಟು ಬರ್ತಿದೆ’ ಅಂತ ಅವನಿಂದ ಗಟ್ಟಿಯಾಗಿ ಹೇಳಿಸಿ, ಆಮೇಲೆ ಪಾತ್ರ ಅದಲುಬದಲು ಮಾಡಿ: ಅವನು ನಿಮ್ಮ ಪೆನ್ಸಿಲ್ ಕಿತ್ತುಕೊಳ್ಳಲಿ, ನೀವು ಹಾಗೇ ಬಾಯಿಬಿಟ್ಟು ವಾಪಸ್ ಕೇಳಿ. ದಿನಾ ಐದು ನಿಮಿಷ ಸಾಕು. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಎಂಬ ಚಟುವಟಿಕೆ ಆಧಾರಿತ ಕಲಿಕೆಯಲ್ಲಿ 1ರಿಂದ 3ನೇ ಕ್ಲಾಸಿನ ಮಕ್ಕಳು ಗುಂಪಿನಲ್ಲಿ ಕೂತು ಕಾರ್ಡು ಹಿಡಿದು ಕಲಿಯುತ್ತಾರೆ. ಹಂಚಿಕೊಳ್ಳುವುದು, ತನ್ನ ಸರದಿಗೆ ಕಾಯುವುದು ಅಲ್ಲೇ ರೂಢಿಯಾಗುತ್ತದೆ. ಟೀಚರಿಗೂ ಹೇಳಿಡಿ. ಅವನು ಹೊಡೆಯದೆ ಬಾಯಿಬಿಟ್ಟು ಕೇಳಿದ ದಿನ ಅವರು ಗಮನಿಸಿ ಬೆನ್ನು ತಟ್ಟಲಿ.