ಗ್ರೀಸ್ ಹಬ್‌ಗೆ ಆಯಿಲ್ ಹಾಕುವ ಮುನ್ನ

ಗಾಡಿಯ ಚಕ್ರದ ಹಬ್‌ನಲ್ಲಿ (ಬೇರಿಂಗ್ ಕೂರುವ ನಡುಭಾಗ) ಗ್ರೀಸ್ ಬದಲು ಆಯಿಲ್ ಬಳಸಲು, ಹಳೆ ಗ್ರೀಸ್ ಮೇಲೆಯೇ ಆಯಿಲ್ ಸುರಿದರೆ ಸಾಕೇ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಉಳಿದ ಗ್ರೀಸ್ ಒಳಗಿನ ಬೇರಿಂಗ್‌ಗೆ ಆಯಿಲ್ ಹೋಗುವ ದಾರಿಯನ್ನೇ ಕಟ್ಟುತ್ತದೆ. ಹಬ್ ಬಿಚ್ಚಿ, ಬೇರಿಂಗ್ ಸಮೇತ ಸೀಮೆಎಣ್ಣೆಯಲ್ಲಿ ತೊಳೆದು ಪೂರ್ತಿ ಒಣಗಿಸಿ.

ನಿಜವಾದ ತೊಂದರೆ ಹಬ್‌ನ ಹಿಂಬದಿಯ ಸೀಲ್‌ನಲ್ಲಿ (ಸೋರದಂತೆ ತಡೆಯುವ ಬಳೆ). ಗ್ರೀಸ್ ಸೀಲ್ ತೆಳ್ಳಗಿನ ಆಯಿಲ್ ತಡೆಯದು. ಆಯಿಲ್ ಬಾತ್‌ಗೆಂದೇ, ಅಂದರೆ ಆಯಿಲ್ ತುಂಬಿದ ಹಬ್‌ಗೆಂದೇ, ಮಾಡಿದ ಸೀಲ್ ಬೇಕು. ಸ್ಪಿಂಡಲ್ (ಹಬ್ ಕೂರುವ ಆಕ್ಸಲ್ ತುದಿ) ಮೇಲೆ ಸೀಲ್ ಕೂರುವ ಜಾಗಕ್ಕೆ ಉಗುರು ಎಳೆದು ನೋಡಿ. ಗೀರು ಸಿಕ್ಕರೆ ಹೊಸ ಸೀಲೂ ಸೋರುತ್ತದೆ, ಮೊದಲು ರಿಪೇರಿ ಸ್ಲೀವ್ (ಗೀರು ಮುಚ್ಚುವ ತೆಳು ಲೋಹದ ಕವಚ) ಹಾಕಿಸಿ. ಸೋರಿದ ಆಯಿಲ್ ಬ್ರೇಕ್ ಲೈನಿಂಗ್‌ಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಬೇರಿಂಗ್ ಆಟ (ಸಡಿಲು) ಸರಿಮಾಡಿ, ಪಾರದರ್ಶಕ ಕಿಟಕಿಯಿರುವ ಕ್ಯಾಪ್ ಕೂರಿಸಿ. 80ಡಬ್ಲ್ಯೂ-90 ಗೇರ್ ಆಯಿಲನ್ನು ಕಿಟಕಿಯ ಗುರುತಿನವರೆಗೆ ತುಂಬಿ, ಚಕ್ರ ತಿರುಗಿಸಿ. ಆಯಿಲ್ ಒಳಗಿಳಿಯಲು ಹೊತ್ತು ಬೇಕು; ಮಟ್ಟ ಕುಸಿದಷ್ಟು ಮತ್ತೆ ಹಾಕಿ, ಗುರುತು ಮೀರಬೇಡಿ. ಮುಂದೆ ಆಯಿಲ್ ಹಾಲಿನಂತೆ ಬೆಳ್ಳಗಾದರೆ ಒಳಗೆ ನೀರು ಸೇರಿದೆ ಎಂದರ್ಥ.